ದೇಶಗಳ ನಡುವೆ ಗೆಳೆತನ ಮಾಡಬಲ್ಲದ್ದೇನು?

ಪ್ರಶ್ನೆ: ನಾನು ಬೆಂಗಳೂರಿನ ಬಸವನಗುಡಿಯ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಉಪನ್ಯಾಸಕಿ. ದೇಶಗಳಿಗೆ ಶಾಶ್ವತ ಮಿತ್ರರಿರುವುದಿಲ್ಲ, ಶಾಶ್ವತ ಹಿತಾಸಕ್ತಿಗಳಷ್ಟೇ ಇರುತ್ತವೆ ಎಂದು ತರಗತಿಯಲ್ಲಿ ವಿವರಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ‘ಹಾಗಾದರೆ ನಾಯಕರು ಅಪ್ಪಿಕೊಳ್ಳುವುದು, ಉಯ್ಯಾಲೆಯಲ್ಲಿ ಜೊತೆಯಾಗಿ ಕೂರುವುದು ಎಲ್ಲವೂ ಬರೀ ತೋರಿಕೆಯೇ?’ ಎಂದು ಕೇಳಿದಳು. ಸ್ನೇಹದಿಂದ ಎಲ್ಲಿಯಾದರೂ ಏನಾದರೂ ಸಾಧ್ಯವಾದದ್ದಿದೆಯೇ? ತೆರೆಮರೆಯ ಮಾತುಕತೆ ಎಂದರೆ ಪ್ರಜೆಗಳಿಂದ ವಿಷಯ ಮುಚ್ಚಿಡುವುದಲ್ಲವೇ? ಯಾವುದು ನಿಜ, ಯಾವುದು ತೋರಿಕೆ ಎಂದು ನಮ್ಮಂಥವರು ತಿಳಿಯುವುದು ಹೇಗೆ?

ಉತ್ತರ: ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಸರಿಯಾದ ಪ್ರಶ್ನೆ. ಗೆಳೆತನಕ್ಕಾಗಿ ಒಂದು ದೇಶ ತನ್ನ ಹಿತಾಸಕ್ತಿಯನ್ನೇ ಬಿಟ್ಟುಕೊಟ್ಟ ಉದಾಹರಣೆ ನಾನು ಓದಿದ, ಕಲಿಸಿದ ಇತಿಹಾಸದಲ್ಲಿ ಸಿಕ್ಕಿಲ್ಲ. ಆದರೆ ಒಂದು ಸರ್ಕಾರ ಒಳಗೊಳಗೇ ಕೊಡಲು ಸಿದ್ಧವಾಗಿದ್ದು, ಸೋತಂತೆ ಕಾಣುತ್ತೇವೆ ಎಂಬ ಅಂಜಿಕೆಯಿಂದ ಕೊಡಲಾರದೆ ಕುಳಿತಿರುವ ಸಂದರ್ಭಗಳು ಬಹಳ ಇವೆ. ಅಂಥ ಕಡೆಗಳಲ್ಲಿ ಗೆಳೆತನವು ಹಿಂದೆ ಸರಿಯಲು ಒಂದು ಗೌರವದ ದಾರಿಯನ್ನು ತೆರೆಯುತ್ತದೆ. ಇದು ಸಣ್ಣ ಕೆಲಸವೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಯುದ್ಧಗಳಲ್ಲಿ ಸತ್ತವರಲ್ಲಿ ಎಷ್ಟೋ ಮಂದಿ ಎರಡೂ ಕಡೆಯವರು ಕಾಳಗ ನಿಲ್ಲಿಸಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡ ಮೇಲೆ, ಅದನ್ನು ಹೇಗೆ ಹೇಳುವುದೆಂದು ತಿಳಿಯದ ದಿನಗಳಲ್ಲಿ ಸತ್ತವರು.

ಇದಕ್ಕೆ ನನಗೆ ತಿಳಿದಿರುವ ಅತ್ಯಂತ ಸ್ಪಷ್ಟವಾದ ನಿದರ್ಶನ 1955ರದು. ಕೊರಿಯಾ ಯುದ್ಧದ ಕಾಲದಲ್ಲಿ, 1953ರ ಜನವರಿಯಲ್ಲಿ, ಅಮೆರಿಕದ ಬಿ-29 ವಿಮಾನವೊಂದು ಉರುಳಿ, ಅದರಲ್ಲಿದ್ದ 11 ಮಂದಿ ವಾಯುಪಡೆಯವರು ಚೀನಾದ ಕೈಗೆ ಸಿಕ್ಕರು. 1954ರ ನವೆಂಬರಿನಲ್ಲಿ ಚೀನಾ ಅವರನ್ನು ಗೂಢಚಾರರೆಂದು ಘೋಷಿಸಿ ದೀರ್ಘ ಸೆರೆವಾಸ ವಿಧಿಸಿತು. ಅಮೆರಿಕ ಕೆರಳಿತು, ವಿಶ್ವಸಂಸ್ಥೆಯ ಮಹಾಸಭೆ ಡಿಸೆಂಬರಿನಲ್ಲಿ ಚೀನಾವನ್ನು ಖಂಡಿಸಿ, ಕೈದಿಗಳ ಬಿಡುಗಡೆಗೆ ಯತ್ನಿಸುವಂತೆ ಮಹಾಕಾರ್ಯದರ್ಶಿ ಡಾಗ್ ಹಾಮರ್‌ಶೋಲ್ಡ್ ಅವರನ್ನು ಕೋರಿತು. ತೊಡಕು ಇದ್ದದ್ದೇ ಅಲ್ಲಿ. ಆಗ ಕಮ್ಯುನಿಸ್ಟ್ ಚೀನಾಕ್ಕೆ ವಿಶ್ವಸಂಸ್ಥೆಯಲ್ಲಿ ಸ್ಥಾನವೇ ಇರಲಿಲ್ಲ, 1971ರವರೆಗೂ ಸಿಗಲಿಲ್ಲ. ತನ್ನನ್ನು ಒಳಗೆ ಬಿಡದ ಸಭೆಯೊಂದು ಮಾಡಿದ ಖಂಡನೆಗೆ ಮಣಿದು ಕೈದಿಗಳನ್ನು ಬಿಡುವುದು ಯಾವ ಸ್ವಾಭಿಮಾನಿ ಸರ್ಕಾರಕ್ಕೂ ಸಾಧ್ಯವಿರಲಿಲ್ಲ.

ಹಾಮರ್‌ಶೋಲ್ಡ್ ಇದನ್ನು ಅರ್ಥಮಾಡಿಕೊಂಡರು. ತಾವು ಆ ನಿರ್ಣಯದ ಪ್ರತಿನಿಧಿಯಾಗಿ ಬರುತ್ತಿಲ್ಲ, ವಿಶ್ವಸಂಸ್ಥೆಯ ಸನ್ನದು ತಮ್ಮ ಹುದ್ದೆಗೆ ನೀಡಿರುವ ಸ್ವತಂತ್ರ ಹೊಣೆಯಿಂದ ಬರುತ್ತಿದ್ದೇನೆ ಎಂಬ ನಿಲುವು ತಾಳಿ, 1955ರ ಜನವರಿಯಲ್ಲಿ ಬೀಜಿಂಗಿಗೆ ಹೋಗಿ ಪ್ರಧಾನಿ ಚೌ ಎನ್‌ಲಾಯ್ ಅವರ ಜೊತೆ ದಿನಗಟ್ಟಲೆ ಮಾತನಾಡಿದರು. ಹಿಂದಿರುಗುವಾಗ ಅವರ ಕೈಯಲ್ಲಿ ಏನೂ ಇರಲಿಲ್ಲ. ಅಮೆರಿಕದ ಪತ್ರಿಕೆಗಳಿಗೆ ಅದು ಸೋಲಾಗಿಯೇ ಕಂಡಿತು. ಕೈದಿಗಳ ಮನೆಯವರು ಬಂದು ನೋಡಿಕೊಂಡು ಹೋಗಬಹುದೆಂದು ಚೀನಾ ಹೇಳಿದಾಗ, ಅವರಿಗೆ ಪಾಸ್‌ಪೋರ್ಟ್ ಕೊಡಲು ವಾಷಿಂಗ್ಟನ್ ನಿರಾಕರಿಸಿತು. ಇಷ್ಟಾದರೂ ಹಾಮರ್‌ಶೋಲ್ಡ್ ಯಾರನ್ನೂ ಬಹಿರಂಗವಾಗಿ ದೂರಲಿಲ್ಲ, ಚೌ ಅವರೊಂದಿಗಿನ ಸಂಪರ್ಕವನ್ನು ಬಿಡಲೂ ಇಲ್ಲ. ಭಾರತದ ಕೈಯೂ ಇದರಲ್ಲಿತ್ತು: ವಿ. ಕೆ. ಕೃಷ್ಣ ಮೆನನ್ ಮೇ ತಿಂಗಳಲ್ಲಿ ಬೀಜಿಂಗಿಗೆ ಹೋಗಿ ಬಂದ ಮೇಲೆ, ಬೇರೆ ಪ್ರಕರಣದಲ್ಲಿ ಸೆರೆಯಲ್ಲಿದ್ದ ನಾಲ್ವರು ಅಮೆರಿಕನ್ ವಿಮಾನ ಚಾಲಕರ ಬಿಡುಗಡೆಯಾಯಿತು. ಜುಲೈ 29 ಹಾಮರ್‌ಶೋಲ್ಡ್ ಅವರ ಐವತ್ತನೆಯ ಹುಟ್ಟುಹಬ್ಬ. ಅದರ ಬೆನ್ನಿಗೇ, ಸ್ವೀಡನ್ನಿನಲ್ಲಿ ರಜೆಯಲ್ಲಿದ್ದ ಅವರಿಗೆ ಚೌ ಅವರ ಸಂದೇಶ ಬಂತು: 11 ಮಂದಿಯನ್ನೂ ಬಿಡುತ್ತಿದ್ದೇವೆ, ಇದಕ್ಕೂ ವಿಶ್ವಸಂಸ್ಥೆಯ ನಿರ್ಣಯಕ್ಕೂ ಸಂಬಂಧವಿಲ್ಲ, ತಮ್ಮೊಂದಿಗಿನ ಸ್ನೇಹವನ್ನು ಉಳಿಸಿಕೊಳ್ಳಲು ಹೀಗೆ ಮಾಡುತ್ತಿದ್ದೇವೆ ಎಂಬುದು ಅದರ ತಾತ್ಪರ್ಯ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಸೊಗಸಾದ ಕಥೆಯಾಗುತ್ತದೆ, ಆದರೆ ಪೂರ್ತಿ ಸತ್ಯವಾಗುವುದಿಲ್ಲ. ಕೈದಿಗಳ ಬಿಡುಗಡೆಯ ಸುದ್ದಿ ಹೊರಬಿದ್ದ 1955ರ ಆಗಸ್ಟ್ 1ರಂದೇ ಜಿನೀವಾದಲ್ಲಿ ಅಮೆರಿಕ ಮತ್ತು ಚೀನಾದ ರಾಯಭಾರಿಗಳ ನೇರ ಮಾತುಕತೆ ಆರಂಭವಾಯಿತು. ಅದಕ್ಕೂ ಮುಂಚೆ ಏಪ್ರಿಲಿನಲ್ಲಿ, ಬಾಂಡುಂಗ್ ಸಮ್ಮೇಳನದಲ್ಲಿ, ಅಮೆರಿಕದ ಜೊತೆ ಮಾತನಾಡಲು ತಾವು ಸಿದ್ಧ ಎಂದು ಚೌ ಸಾರಿದ್ದರು. ತೈವಾನ್ ಜಲಸಂಧಿಯ ಬಿಕ್ಕಟ್ಟು ತಣ್ಣಗಾಗುವುದು ಚೀನಾಕ್ಕೂ ಬೇಕಾಗಿತ್ತು. ಎಂದರೆ, ಕೈದಿಗಳನ್ನು ಬಿಡುವುದರಲ್ಲಿ ಬೀಜಿಂಗಿನ ಹಿತವೇ ಇತ್ತು. ಆದರೂ ಖಂಡನೆಗೆ ಹೆದರಿ ಬಿಟ್ಟರು ಎನ್ನಿಸಿಕೊಳ್ಳುವುದು ಅದಕ್ಕೆ ಬೇಕಿರಲಿಲ್ಲ. ಹಾಮರ್‌ಶೋಲ್ಡ್ ಅವರ ಗೆಳೆತನ ಆ ಎರಡರ ನಡುವಿನ ಕಂದಕಕ್ಕೆ ಸೇತುವೆಯಾಯಿತು. ಸ್ನೇಹವೆಂಬುದು ಚೌ ಅವರ ಬರೀ ನೆಪವಾಗಿತ್ತೇ ಎಂದು ನಿಮ್ಮ ವಿದ್ಯಾರ್ಥಿನಿ ಕೇಳಬಹುದು. ಭಾಗಶಃ ಹೌದು. ಆದರೆ ಆ ನೆಪವನ್ನು ಒದಗಿಸಬಲ್ಲ, ಎದುರಾಳಿ ನಂಬಬಲ್ಲ ಇನ್ನೊಬ್ಬ ವ್ಯಕ್ತಿ ಆ ವರ್ಷ ಪಶ್ಚಿಮದಲ್ಲಿ ಇರಲಿಲ್ಲವೆಂದೇ ನನ್ನ ಅಭಿಪ್ರಾಯ.

ಬೆಂಗಳೂರಿನವರಿಗೆ ಇನ್ನೂ ಹತ್ತಿರದ ಒಂದು ಪ್ರಸಂಗ 2003ರದು. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ನಡೆದ ದಾಳಿಯ ನಂತರ ದೆಹಲಿ–ಲಾಹೋರ್ ಬಸ್ಸು ನಿಂತುಹೋಗಿತ್ತು. ಎರಡೂ ಸೇನೆಗಳು ತಿಂಗಳುಗಟ್ಟಲೆ ಗಡಿಯಲ್ಲಿ ಎದುರುಬದುರಾಗಿ ನಿಂತಿದ್ದವು. 2003ರ ಏಪ್ರಿಲ್ 18ರಂದು ಪ್ರಧಾನಿ ವಾಜಪೇಯಿ ಶ್ರೀನಗರದಲ್ಲಿ ಪಾಕಿಸ್ತಾನಕ್ಕೆ ಮತ್ತೆ ಸ್ನೇಹಹಸ್ತ ಚಾಚಿದರು. ಜುಲೈ 11ರಂದು ಬಸ್ಸು ಪುನಃ ಹೊರಟಾಗ ಅದರಲ್ಲಿ ಲಾಹೋರಿನ ಎರಡೂವರೆ ವರ್ಷದ ಹೆಣ್ಣುಮಗುವೊಂದು ತಂದೆತಾಯಿಯರ ಜೊತೆ ಬಂತು. ಹೃದಯದಲ್ಲಿ ದೋಷವಿದ್ದ ಆ ಮಗುವಿಗೆ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಆ ವಾರ ದೇಶದ ಎಷ್ಟೋ ಮನೆಗಳಲ್ಲಿ ಆ ಮಗುವಿಗಾಗಿ ಪ್ರಾರ್ಥಿಸಿದರು. ಹಾರೈಕೆಯ ಪತ್ರಗಳೂ ಉಡುಗೊರೆಗಳೂ ಆಸ್ಪತ್ರೆಗೆ ಬಂದವು. ಅದೇ ವೇಳೆಗೆ, ಯಾರ ಕಣ್ಣಿಗೂ ಬೀಳದಂತೆ, ವಾಜಪೇಯಿಯವರ ರಾಷ್ಟ್ರೀಯ ಭದ್ರತಾ ಸಲಹೆಗಾರ ಬ್ರಜೇಶ್ ಮಿಶ್ರಾ ಮತ್ತು ಮುಷರಫ್ ಅವರ ಆಪ್ತ ತಾರಿಕ್ ಅಜೀಜ್ ನಡುವೆ ಮಾತುಕತೆ ಸಾಗಿತ್ತು. ನವೆಂಬರ್ ಕೊನೆಗೆ ನಿಯಂತ್ರಣ ರೇಖೆಯಲ್ಲಿ ಕದನ ವಿರಾಮ ಬಂತು. 2004ರ ಜನವರಿಯಲ್ಲಿ ಇಸ್ಲಾಮಾಬಾದಿನಲ್ಲಿ ಜಂಟಿ ಹೇಳಿಕೆ ಹೊರಬಿತ್ತು. ಒಂದು ಮಗುವಿನ ಶಸ್ತ್ರಚಿಕಿತ್ಸೆಯಿಂದ ಕದನ ವಿರಾಮ ಬಂತೆಂದು ನಾನು ಹೇಳುವುದಿಲ್ಲ. ಬಸ್ಸು ಬಿಡುವ ತೀರ್ಮಾನ ಸರ್ಕಾರಗಳದು, ಕದನ ವಿರಾಮದ ಚೌಕಾಸಿ ತೆರೆಮರೆಯದು. ಆದರೆ ಎರಡು ವರ್ಷ ಬರೀ ದ್ವೇಷದ ಸುದ್ದಿಯನ್ನೇ ಕೇಳಿದ್ದ ಜನ, ಸರ್ಕಾರಗಳು ಮೆತ್ತಗಾದಾಗ ಕೆರಳದೆ ಒಪ್ಪಿಕೊಂಡಿದ್ದರಲ್ಲಿ ಬೆಂಗಳೂರಿನ ಆ ವೈದ್ಯರ, ದಾದಿಯರ ಪಾಲು ಇದೆಯೆಂದು ನಾನು ನಂಬಿದ್ದೇನೆ.

ಇನ್ನು ಸ್ನೇಹ ಸೋತ ಕಡೆಗಳನ್ನು ನೋಡಬೇಕು. ಅಲ್ಲಿಯೇ ಅದರ ಮಿತಿ ತಿಳಿಯುತ್ತದೆ. ವಿಯೆಟ್ನಾಂ ನಾಯಕ ಹೊ ಚಿ ಮಿನ್ 1946ರಲ್ಲಿ ಮಾತುಕತೆಗೆಂದು ಫ್ರಾನ್ಸಿಗೆ ಬಂದಿದ್ದಾಗ, ನಾಜಿಗಳ ವಿರುದ್ಧದ ಪ್ರತಿರೋಧ ಚಳವಳಿಯಲ್ಲಿ ಹೆಸರಾಗಿದ್ದ ರೇಮೋ ಒಬ್ರಾಕ್ ಅವರ ಮನೆಯಲ್ಲಿ ಉಳಿದುಕೊಂಡಿದ್ದರು. ಆ ದಿನಗಳಲ್ಲೇ ಹುಟ್ಟಿದ ಒಬ್ರಾಕ್ ಮಗಳನ್ನು ತಮ್ಮ ಧರ್ಮಪುತ್ರಿಯೆಂದು ಭಾವಿಸಿದರು. ಇಪ್ಪತ್ತೊಂದು ವರ್ಷಗಳ ನಂತರ, 1967ರಲ್ಲಿ, ವಿಜ್ಞಾನಿಗಳ ಪಗ್‌ವಾಷ್ ವೇದಿಕೆಯ ನಂಟಿನಿಂದ, ಆಗಿನ್ನೂ ಹಾರ್ವರ್ಡ್ ಪ್ರಾಧ್ಯಾಪಕರಾಗಿದ್ದ ಹೆನ್ರಿ ಕಿಸಿಂಜರ್ ಅಮೆರಿಕದ ಪ್ರಸ್ತಾಪವೊಂದನ್ನು ಹನೋಯ್‌ಗೆ ತಲುಪಿಸಲು ಒಬ್ರಾಕ್ ಮತ್ತು ಜೀವವಿಜ್ಞಾನಿ ಹರ್ಬರ್ಟ್ ಮಾರ್ಕೊವಿಚ್ ಅವರ ನೆರವು ಪಡೆದರು. ಜುಲೈನಲ್ಲಿ ಇಬ್ಬರೂ ಹನೋಯ್‌ಗೆ ಹೋದರು. ಮುದಿಯಾಗಿದ್ದ ಹೊ ಹಳೆಯ ಗೆಳೆಯನನ್ನು ಬರಮಾಡಿಕೊಂಡು ಮನೆಮಕ್ಕಳ ಯೋಗಕ್ಷೇಮ ವಿಚಾರಿಸಿದರು. ಯಾವ ರಾಯಭಾರಿಗೂ ತೆರೆಯದ ಬಾಗಿಲು ತೆರೆದಿತ್ತು. ಆದರೆ ಆಗಸ್ಟಿನಲ್ಲಿ ಮುಂದಿನ ಭೇಟಿಗೆ ವೀಸಾ ಕೇಳುತ್ತಿದ್ದ ಹೊತ್ತಿಗೆ ಸರಿಯಾಗಿ ಅಮೆರಿಕದ ವಿಮಾನಗಳು ಹನೋಯ್ ಮೇಲೆ ದಾಳಿ ಬಿರುಸಾಗಿಸಿದವು. ವೀಸಾ ಸಿಗಲಿಲ್ಲ, ಅಕ್ಟೋಬರ್ ಹೊತ್ತಿಗೆ ಆ ಯತ್ನವೇ ಮುಗಿಯಿತು. ಮಾತು ಕಳುಹಿಸಿದ ಸರ್ಕಾರದ ಒಂದು ಕೈ ಇನ್ನೊಂದು ಕೈಯನ್ನು ತಡೆಯದಿದ್ದರೆ ಸ್ನೇಹಿತ ಏನು ಮಾಡಬಲ್ಲ?

ನಮ್ಮ ನಗರವೂ ಒಂದು ಸೋಲನ್ನು ಕಂಡಿದೆ. 1986ರ ನವೆಂಬರ್ 16 ಮತ್ತು 17ರಂದು ಎರಡನೆಯ ಸಾರ್ಕ್ ಶೃಂಗಸಭೆ ಬೆಂಗಳೂರಿನಲ್ಲಿ ನಡೆಯಿತು. ಕಠ್ಮಂಡುವಿನಲ್ಲಿ ಸಾರ್ಕ್ ಕಾರ್ಯಾಲಯ ಸ್ಥಾಪಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಇಲ್ಲಿಯೇ. ಆ ಸಭೆಯ ನೆರಳಿನಲ್ಲಿ, ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಊರಿನಲ್ಲಿದ್ದಾಗಲೇ, ಎಲ್‌ಟಿಟಿಇ ನಾಯಕ ಪ್ರಭಾಕರನ್ ಅವರನ್ನು ಮದ್ರಾಸಿನಿಂದ ಕರೆತಂದು ಒಪ್ಪಿಸುವ ಪ್ರಯತ್ನ ನಡೆಯಿತು. ಅವರ ಮೇಲೆ ಪ್ರಭಾವವಿದ್ದ ತಮಿಳುನಾಡಿನ ಮುಖ್ಯಮಂತ್ರಿ ಎಂ. ಜಿ. ರಾಮಚಂದ್ರನ್ ಅವರ ಸ್ನೇಹವನ್ನೂ ಬಳಸಿಕೊಳ್ಳಲಾಯಿತು. ಪೂರ್ವ ಪ್ರಾಂತ್ಯವನ್ನು ಮೂರಾಗಿ ಒಡೆಯುವ ಪ್ರಸ್ತಾಪಕ್ಕೆ ಪ್ರಭಾಕರನ್ ಒಪ್ಪಲಿಲ್ಲ. ಅವರಿಗೆ ಬೇಕಾದದ್ದು ಹಿಂದೆ ಸರಿಯುವ ದಾರಿಯಾಗಿರಲಿಲ್ಲ. ಸರಿಯುವ ಮನಸ್ಸೇ ಇಲ್ಲದವರಿಗೆ ಅಂಥ ದಾರಿ ತೋರಿಸಿ ಪ್ರಯೋಜನವೇನು? ಮುಂದಿನ ವರ್ಷದ ಭಾರತ–ಶ್ರೀಲಂಕಾ ಒಪ್ಪಂದ ಮತ್ತು ಅದರ ಹಿಂದೆಯೇ ಬಂದ ಸಾವುನೋವುಗಳು ನಿಮಗೆ ಗೊತ್ತೇ ಇವೆ.

1962ರ ಭಾರತ–ಚೀನಾ ಯುದ್ಧದ ಪಾಠವೂ ಇದೇ ಜಾತಿಯದು. 1954ರ ಪಂಚಶೀಲ ಒಪ್ಪಂದದ ನಂತರ ‘ಹಿಂದೀ ಚೀನೀ ಭಾಯಿ ಭಾಯಿ’ ಘೋಷಣೆ ಊರೂರಿನಲ್ಲಿ ಮೊಳಗಿತು, ಆದರೆ ಗಡಿ ಎಲ್ಲಿದೆ ಎಂಬ ಕಷ್ಟದ ಪ್ರಶ್ನೆಯನ್ನು ಆ ಸ್ನೇಹದ ಬಿಸುಪಿನಲ್ಲಿ ಕೂತು ಬಗೆಹರಿಸುವ ಬದಲು ಎರಡೂ ಕಡೆಯವರು ಮುಂದೂಡಿದರು. ಗೆಳೆತನವನ್ನು ಕೆಲಸಕ್ಕೆ ಹಚ್ಚದೆ ಮೆರವಣಿಗೆ ಮಾಡಿದರೆ ಅದು ಒಂದು ಬಗೆಯ ಸಾಲವಾಗುತ್ತದೆ; ಮುರಿದಾಗ ಜನರ ಆಘಾತ ಇಮ್ಮಡಿಯಾಗಿ, ಮುಂದೆ ಯಾವ ನಾಯಕನೂ ರಾಜಿಯ ಮಾತೆತ್ತಲು ಅಂಜುವಂತಾಗುತ್ತದೆ. ನೀವು ಹೇಳಿದ, ಪ್ರಧಾನಿ ಮೋದಿ ಮತ್ತು ಚೀನಾ ಅಧ್ಯಕ್ಷ ಷಿ ಜಿನ್‌ಪಿಂಗ್ ಜೊತೆಯಾಗಿ ಕೂತ ಉಯ್ಯಾಲೆ 2014ರದು. ಆಮೇಲೆ 2018ರಲ್ಲಿ ವುಹಾನ್, 2019ರಲ್ಲಿ ಮಾಮಲ್ಲಪುರಂ ಭೇಟಿಗಳಾದವು. 2020ರ ಜೂನ್ 15ರಂದು ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಮಡಿದರು. ಆ ಬಿಕ್ಕಟ್ಟು ಸಡಿಲಗೊಂಡದ್ದು ಇನ್ನೊಂದು ಅಪ್ಪುಗೆಯಿಂದಲ್ಲ. ಗಡಿಯ ಸೇನಾ ಕಮಾಂಡರ್‌ಗಳು 21 ಸುತ್ತು ಕೂತರು. ಅದರ ಪಕ್ಕದಲ್ಲೇ ವಿದೇಶಾಂಗ ಅಧಿಕಾರಿಗಳ ಸಮಿತಿ ಪದೇ ಪದೇ ಸೇರಿತು. ಗಸ್ತಿನ ಬಗ್ಗೆ ಒಪ್ಪಂದವಾಗಿದೆಯೆಂದು 2024ರ ಅಕ್ಟೋಬರ್ 21ರಂದು ಪ್ರಕಟವಾದಾಗ ಬಹುತೇಕರಿಗೆ ಅಚ್ಚರಿಯಾಯಿತು. ಪತ್ರಿಕೆಗಳ ಮುಖಪುಟಕ್ಕೆ ಎಂದೂ ಬಾರದ ಆ ನೀರಸ ಸಭೆಗಳನ್ನು ನಾನು ತುಂಬ ಗೌರವಿಸುತ್ತೇನೆ.

ಯಾರ ಗೆಳೆತನ ಮುಖ್ಯ ಎಂಬುದನ್ನೂ ನಿಮ್ಮ ತರಗತಿಯಲ್ಲಿ ಚರ್ಚಿಸಿ. ಸಾಮಾನ್ಯವಾಗಿ ನಾವು ಎದುರಾಳಿಯ ಜೊತೆಗಿನ ಸ್ನೇಹವನ್ನಷ್ಟೇ ಗಮನಿಸುತ್ತೇವೆ. ಆದರೆ ಮಾತು ಹೊತ್ತೊಯ್ಯುವವನಿಗೆ ತನ್ನದೇ ನಾಯಕನ ಜೊತೆಗಿರುವ ಸಲಿಗೆ ಅದಕ್ಕಿಂತ ಹೆಚ್ಚು ತೂಗುತ್ತದೆ. ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ನಡುವೆ, 1962ರ ಅಕ್ಟೋಬರ್ 27ರ ರಾತ್ರಿ ಸೋವಿಯತ್ ರಾಯಭಾರಿ ದೊಬ್ರಿನಿನ್ ತಮ್ಮೆದುರು ಕೂತಿದ್ದ ರಾಬರ್ಟ್ ಕೆನಡಿಯ ಮಾತನ್ನು ನಂಬಿದ್ದು, ಆತ ಅಧ್ಯಕ್ಷರ ತಮ್ಮನೆಂಬ ಕಾರಣಕ್ಕೆ. ಮುಷರಫ್ ಮತ್ತು ತಾರಿಕ್ ಅಜೀಜ್ ಲಾಹೋರಿನ ಫೋರ್ಮನ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. 2005ರಿಂದ ಭಾರತದ ಸತಿಂದರ್ ಲಾಂಬಾ ಅವರು ಕಾಶ್ಮೀರದ ಬಗ್ಗೆ ಅಜೀಜ್ ಜೊತೆ ಅಷ್ಟು ದೂರ ಸಾಗಲು ಸಾಧ್ಯವಾದದ್ದು ಅಜೀಜ್ ಹೇಳಿದ್ದು ಮುಷರಫ್ ಹೇಳಿದಂತೆಯೇ ಎಂಬ ಖಾತರಿಯಿಂದ. ಅದರ ದೌರ್ಬಲ್ಯವೂ ಅಲ್ಲೇ ಇತ್ತು. 2007ರಲ್ಲಿ ಮುಖ್ಯ ನ್ಯಾಯಮೂರ್ತಿಯ ವಜಾ ಪ್ರಕರಣದಲ್ಲಿ ಮುಷರಫ್ ಸಿಲುಕಿ ದುರ್ಬಲರಾದೊಡನೆ, ಇಬ್ಬರ ಗೆಳೆತನದ ಮೇಲೆ ನಿಂತಿದ್ದ ಮಾತುಕತೆಯೂ ಕುಸಿಯಿತು.

ಗೆಳೆತನವನ್ನು ಬಳಸದೆ ಇರುವುದೇ ಸರಿಯಾದ ಸಂದರ್ಭಗಳೂ ಇವೆ. 1965ರ ಯುದ್ಧದ ಕೊನೆಯಲ್ಲಿ ಕೊಡಗಿನ ಜನರಲ್ ಕಾರ್ಯಪ್ಪನವರ ಮಗನ ವಿಮಾನ ಉರುಳಿ ಅವರು ಪಾಕಿಸ್ತಾನದ ಸೆರೆಯಾಳಾದರು. ಅಧ್ಯಕ್ಷ ಅಯೂಬ್ ಖಾನ್ ಅವಿಭಜಿತ ಭಾರತದ ಸೇನೆಯಲ್ಲಿ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹಳೆಯ ವಿಶ್ವಾಸದಿಂದ ಮಗನನ್ನು ಬಿಡುವುದಾಗಿ ಅವರು ಹೇಳಿ ಕಳುಹಿಸಿದಾಗ, ಸೆರೆಯಲ್ಲಿರುವ ಎಲ್ಲ ಯೋಧರೂ ತಮ್ಮ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂದು ಕಾರ್ಯಪ್ಪನವರು ಉತ್ತರಿಸಿದ್ದು ಕೊಡಗಿನಲ್ಲಿ ಇಂದಿಗೂ ಮನೆಮಾತು. ಸ್ನೇಹ ಒಬ್ಬರ ಮನೆಗೆ ಮಾತ್ರ ಒಳಿತು ತರುವುದಾದರೆ ಅದು ರಾಜತಾಂತ್ರಿಕತೆಯಾಗುವುದಿಲ್ಲ ಎಂಬುದನ್ನು ಅವರು ಯಾವ ಪಾಠವೂ ಇಲ್ಲದೆ ಬಲ್ಲವರಾಗಿದ್ದರು.

ಈಗ ನಿಮ್ಮ ಎರಡನೆಯ ಪ್ರಶ್ನೆ: ಮುಚ್ಚಿಡುವುದು ಸರಿಯೇ? ಮಾತುಕತೆಯ ಹಂತದಲ್ಲಿ ಸದ್ದಿಲ್ಲದಿರುವುದು ಬೇಕೇ ಬೇಕು. ಆಸ್ತಿ ಪಾಲಿನ ವ್ಯಾಜ್ಯದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಪಂಚಾಯಿತಿ ಕಟ್ಟೆಗೆ ಕರೆಯುವ ಮೊದಲು ಹಿರಿಯರೊಬ್ಬರು ಇಬ್ಬರ ಮನೆಗೂ ಬೇರೆ ಬೇರೆಯಾಗಿ ಹೋಗಿ ಬರುತ್ತಾರಲ್ಲ, ಅದರ ಉದ್ದೇಶವೇ ಇಲ್ಲಿಯೂ ಇದೆ: ನಾಲ್ಕು ಜನರ ಮುಂದೆ ಒಮ್ಮೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದು ಕಷ್ಟ. ಕತಾರ್‌ನಲ್ಲಿ ನಮ್ಮ ನೌಕಾಪಡೆಯ ಎಂಟು ಮಂದಿ ನಿವೃತ್ತರು 2022ರ ಆಗಸ್ಟಿನಲ್ಲಿ ಬಂಧಿತರಾಗಿ, 2023ರ ಅಕ್ಟೋಬರ್ 26ರಂದು ಮರಣದಂಡನೆಗೆ ಗುರಿಯಾದಾಗ ನಮ್ಮ ಸರ್ಕಾರ ಕತಾರನ್ನು ಬಹಿರಂಗವಾಗಿ ದೂಷಿಸಲಿಲ್ಲ. ಅದನ್ನು ಹೇಡಿತನವೆಂದವರಿದ್ದರು. ಡಿಸೆಂಬರ್ ಕೊನೆಗೆ ಶಿಕ್ಷೆ ಇಳಿಯಿತು. 2024ರ ಫೆಬ್ರವರಿ 12ರಂದು ಬಿಡುಗಡೆಯ ಸುದ್ದಿ ಬಂತು. ಅದಕ್ಕೆ ಆರು ದಿನ ಮೊದಲು, 2028ರಿಂದ ಇಪ್ಪತ್ತು ವರ್ಷ ಕಾಲ ವರ್ಷಕ್ಕೆ 75 ಲಕ್ಷ ಟನ್ ದ್ರವೀಕೃತ ಅನಿಲ ಕೊಳ್ಳುವ ಒಪ್ಪಂದಕ್ಕೆ ಭಾರತ ಮತ್ತು ಕತಾರ್ ಕಂಪನಿಗಳು ಸಹಿ ಹಾಕಿದ್ದವು. ಒಂದಕ್ಕೊಂದು ಗಂಟು ಹಾಕುವುದು ನನ್ನ ಉದ್ದೇಶವಲ್ಲ. ಎರಡೂ ದೇಶಗಳಿಗೆ ಪರಸ್ಪರ ಬೇಕಾದದ್ದು ಬಹಳವಿತ್ತು, ಕ್ಷಮೆ ನೀಡುವ ಅಧಿಕಾರ ಅಮೀರರ ಕೈಯಲ್ಲಿತ್ತು, ಅವರಿಗೆ ಉದಾರವಾಗಿರಲು ನಾವು ಅವಕಾಶ ಬಿಟ್ಟೆವು ಎಂಬುದಷ್ಟೇ ನಾನು ಹೇಳುವುದು.

ಆದರೆ ಮೌನಕ್ಕೂ ಬೆಲೆ ತೆರಬೇಕಾಗುತ್ತದೆ. ಕ್ಯೂಬಾ ಬಿಕ್ಕಟ್ಟಿನಲ್ಲಿ ಸೋವಿಯತ್ ಕ್ಷಿಪಣಿಗಳು ಹೊರಟದ್ದಕ್ಕೆ ಪ್ರತಿಯಾಗಿ ತುರ್ಕಿಯಿಂದ ತನ್ನ ಜುಪಿಟರ್ ಕ್ಷಿಪಣಿಗಳನ್ನು ತೆಗೆಯಲು ಅಮೆರಿಕ ಒಪ್ಪಿದ್ದನ್ನು ದಶಕಗಳ ಕಾಲ ಬಚ್ಚಿಡಲಾಯಿತು. ಆದ್ದರಿಂದ ಒಂದು ಇಡೀ ತಲೆಮಾರಿನ ಅಮೆರಿಕನ್ನರು, ಪಟ್ಟು ಬಿಡದೆ ನಿಂತರೆ ಎದುರಾಳಿ ಕಣ್ಣು ತಗ್ಗಿಸುತ್ತಾನೆ ಎಂಬ ತಪ್ಪು ಪಾಠವನ್ನು ಕಲಿತರು. ಓಸ್ಲೊ ಮಾತುಕತೆಯದು ಬೇರೆ ನೋವು. 1993ರಲ್ಲಿ ನಾರ್ವೆಯ ಹಳೆಯ ಬಂಗಲೆಗಳಲ್ಲಿ ಇಸ್ರೇಲಿಗಳೂ ಪ್ಯಾಲೆಸ್ಟೀನಿಯರೂ ಒಂದೇ ಮೇಜಿನಲ್ಲಿ ಉಂಡು, ಒಬ್ಬರ ಮಕ್ಕಳ ಬಗ್ಗೆ ಇನ್ನೊಬ್ಬರು ಕೇಳಿ ತಿಳಿದು, ನಿಜವಾದ ವಿಶ್ವಾಸ ಬೆಳೆಸಿಕೊಂಡರು. ಆ ವಿಶ್ವಾಸ ಕೋಣೆಯ ಹೊರಗೆ ಹರಿಯಲಿಲ್ಲ. ಜೆರುಸಲೇಮ್, ನಿರಾಶ್ರಿತರು, ವಸತಿಗಳಂಥ ಕಠಿಣ ಪ್ರಶ್ನೆಗಳು ಉಳಿದೇ ಇದ್ದವು. 1995ರಲ್ಲಿ ಇಸ್ರೇಲಿನ ಪ್ರಧಾನಿ ರಾಬಿನ್ ಅವರನ್ನು ಕೊಂದವನು ಅವರ ದೇಶದವನೇ.

ಎಲ್ಲಕ್ಕಿಂತ ಕಹಿಯಾದದ್ದು 1971. ಜುಲೈನಲ್ಲಿ, ಆ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ಕಿಸಿಂಜರ್ ದೆಹಲಿಗೆ ಬಂದು, ಇಸ್ಲಾಮಾಬಾದಿಗೆ ಹೋಗಿ, ಹೊಟ್ಟೆನೋವಿನ ಸೋಗಿನಲ್ಲಿ ಗುಟ್ಟಾಗಿ ಬೀಜಿಂಗಿಗೆ ಹಾರಿದರು. ಚೀನಾ–ಅಮೆರಿಕ ಸಂಬಂಧದ ಇತಿಹಾಸದಲ್ಲಿ ಅದೊಂದು ದೊಡ್ಡ ಸಾಧನೆ. ಆದರೆ ಆ ಗುಟ್ಟಿನ ದಾರಿ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಅವರ ಅಂಗಳದಿಂದ ಹಾದು ಹೋಗುತ್ತಿದ್ದ ಕಾರಣ, ಪೂರ್ವ ಪಾಕಿಸ್ತಾನದ ಹತ್ಯಾಕಾಂಡದ ಬಗ್ಗೆ ವಾಷಿಂಗ್ಟನ್ ತುಟಿ ಬಿಚ್ಚಲಿಲ್ಲ. ಢಾಕಾದಲ್ಲಿದ್ದ ತನ್ನದೇ ಅಧಿಕಾರಿ ಆರ್ಚರ್ ಬ್ಲಡ್ ಮತ್ತು ಅವರ ಸಹೋದ್ಯೋಗಿಗಳು ಏಪ್ರಿಲ್ 6ರಂದು ಕಳುಹಿಸಿದ ಪ್ರತಿಭಟನೆಯ ತಂತಿಯನ್ನೂ ಅದು ಬದಿಗೊತ್ತಿತು. ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಸದ್ದಿಲ್ಲದ ಮಾತುಕತೆ ಎಂಬುದು ಕೊಲೆಯ ಬಗ್ಗೆ ಬಾಯಿ ಮುಚ್ಚಿಕೊಂಡಿರುವುದಕ್ಕೆ ಪರವಾನಗಿಯಾಗಬಾರದು. ಈ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಆದ್ದರಿಂದ ನನ್ನ ನಿಲುವು ಇಷ್ಟು. ಮಾತುಕತೆ ಗುಟ್ಟಾಗಿರಬಹುದು, ಒಪ್ಪಂದ ಗುಟ್ಟಾಗಿರಕೂಡದು. ವಿಶ್ವಸಂಸ್ಥೆಯ ಸನ್ನದಿನ 102ನೆಯ ವಿಧಿ ಹೇಳುವುದೂ ಇದನ್ನೇ: ಸದಸ್ಯ ದೇಶಗಳ ಒಪ್ಪಂದಗಳು ನೋಂದಣಿಯಾಗಿ ಪ್ರಕಟವಾಗಬೇಕು, ನೋಂದಣಿಯಾಗದ ಒಪ್ಪಂದವನ್ನು ವಿಶ್ವಸಂಸ್ಥೆಯ ಯಾವ ಅಂಗದ ಮುಂದೆಯೂ ಎತ್ತುವಂತಿಲ್ಲ. ನಮ್ಮಲ್ಲಿ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಮತ್ತು ಅದರ ನಿಯಮಗಳಂತೆ 25 ವರ್ಷ ಕಳೆದ ಕಡತಗಳು ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಬೇಕು. ಆ ಕೆಲಸ ಚುರುಕಾಗಿ ನಡೆದರೆ ನಿಮ್ಮ ವಿದ್ಯಾರ್ಥಿನಿಯರಂಥವರು ಮುಂದೆ ನಮ್ಮ ತೆರೆಮರೆಯ ಇತಿಹಾಸವನ್ನು ಅಮೆರಿಕದ ದಾಖಲೆಗಳಲ್ಲಿ ಹುಡುಕಬೇಕಾಗುವುದಿಲ್ಲ.

ನಿಜ ಯಾವುದು, ತೋರಿಕೆ ಯಾವುದು ಎಂದು ತಿಳಿಯಲು ಅಪ್ಪುಗೆಯ ಚಿತ್ರಗಳನ್ನು ಬದಿಗಿಟ್ಟು, ಅದರ ಮುಂದಿನ ಆರು ತಿಂಗಳ ಸಣ್ಣ ಸುದ್ದಿಗಳನ್ನು ಓದಲು ಹೇಳಿ. ಕೆಳಹಂತದ ಅಧಿಕಾರಿಗಳ ಸಭೆ ಗೊತ್ತಾದ ದಿನಕ್ಕೆ ನಡೆಯಿತೇ? ನಿಂತಿದ್ದ ವೀಸಾ, ವಿಮಾನ, ಯಾತ್ರೆ ಮತ್ತೆ ಆರಂಭವಾಯಿತೇ? ಮೀನುಗಾರರು ಸೆರೆಯಿಂದ ಬಿಡುಗಡೆಯಾದರೇ? ಒಂದು ಕಡೆಯವರು ಎಡವಿದಾಗ ಇನ್ನೊಂದು ಕಡೆಯವರು ಅದನ್ನು ಎತ್ತಿ ಆಡದೆ ಸುಮ್ಮನಿದ್ದರೇ? 2024ರ ಗಸ್ತು ಒಪ್ಪಂದದ ನಂತರ 2025ರ ಜೂನ್‌ನಲ್ಲಿ ಕೈಲಾಸ–ಮಾನಸ ಸರೋವರ ಯಾತ್ರೆ, ಅಕ್ಟೋಬರಿನಲ್ಲಿ ಭಾರತ–ಚೀನಾ ನೇರ ವಿಮಾನ ಸಂಚಾರ ಪುನರಾರಂಭವಾದದ್ದನ್ನು ಇದೇ ಲೆಕ್ಕದಲ್ಲಿ ಗಮನಿಸಬೇಕು. ಗಡಿಯ ಎರಡೂ ಬದಿಯಲ್ಲಿ ಇನ್ನೂ ನಿಂತಿರುವ ಸಾವಿರಾರು ಸೈನಿಕರನ್ನೂ ಅದೇ ಲೆಕ್ಕದಲ್ಲಿ ಸೇರಿಸಬೇಕು. ಈ ಎರಡನ್ನೂ ಎದುರುಬದುರು ಬರೆದು ತರಗತಿಯಲ್ಲಿ ಚರ್ಚೆಗಿಟ್ಟರೆ, ನಿಮ್ಮ ವಿದ್ಯಾರ್ಥಿನಿ ತನ್ನ ಪ್ರಶ್ನೆಗೆ ತಾನೇ ಒಂದು ಒಳ್ಳೆಯ ಉತ್ತರ ಬರೆಯಬಲ್ಲಳು.